ಮರದಚ್ಚಿನಿಂದ ಕಲ್ಲಚ್ಚಿಗೆ: ಬಾಸೆಲ್‌ನ ಉಪದೇಶದ ಪುಸ್ತಕ ಮತ್ತು ಹಾವೇರಿ ಸೀಮೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಪುಸ್ತಕ ಚರಿತ್ರೆ ಎಂದೊಡನೆ ಅಗಡಿಯ ‘ಸದ್ಬೋಧ ಚಂದ್ರಿಕೆ’ಯೂ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಮಾರಿದ ಗಳಗನಾಥರೂ ನೆನಪಾಗುತ್ತಾರೆ. ಅದು 20ನೇ ಶತಮಾನದ ಮಾತು. ಈ ಮೂರೂ ಊರುಗಳು ಅಖಂಡ ಧಾರವಾಡ ಜಿಲ್ಲೆಯಲ್ಲಿದ್ದ ಕಾಲಕ್ಕೆ, ಅಂದರೆ 1997ರವರೆಗಿನ ಆಡಳಿತದ ನಕ್ಷೆಯೊಳಗೆ, ಅಚ್ಚಾದ ಪುಸ್ತಕವನ್ನು ಮೊದಲು ತಂದವರಲ್ಲಿ ಬಾಸೆಲ್ ಮಿಶನ್ನಿನವರು ಮುಖ್ಯರು. ಅವರು ಧಾರವಾಡದಲ್ಲಿ ನೆಲೆಯೂರಿದ್ದು 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಬೆಟಗೇರಿಯಲ್ಲಿ 1841ರಲ್ಲಿ.

ಆ ಮಿಶನ್ನಿಗೆ ಹೆಸರು ಕೊಟ್ಟ ಬಾಸೆಲ್ ಪಟ್ಟಣಕ್ಕೆ ಉಪದೇಶದ ಪುಸ್ತಕ ಹೊಸದಲ್ಲ. ಫ್ರಾನ್ಸಿಸ್ಕನ್ ಸನ್ಯಾಸಿ ಯೋಹಾನೆಸ್ ಮೇಡರ್ ತಪಸ್ಸುಕಾಲದಲ್ಲಿ ದುಂದುಗಾರ ಮಗನ ಕಥೆಯನ್ನು ಹಿಡಿದು ಅಲ್ಲಿ ಮಾಡಿದ ಪ್ರಸಂಗಗಳನ್ನು ಮಿಖಾಯೆಲ್ ಫುರ್ಟರ್ 1495ರಲ್ಲಿ ಲ್ಯಾಟಿನ್‌ನಲ್ಲಿ ಅಚ್ಚು ಹಾಕಿದ, ನಡುನಡುವೆ ಮರದಚ್ಚಿನ ಚಿತ್ರಗಳನ್ನಿಟ್ಟು. ಮರದಚ್ಚಿನ ಅನುಕೂಲವೇ ಅದು. ಬೇಡದ ಭಾಗವನ್ನು ಕೆತ್ತಿ ತೆಗೆದರೆ ಉಳಿದ ಉಬ್ಬುಗೆರೆ ಅಚ್ಚುಮೊಳೆಯ ಎತ್ತರಕ್ಕೇ ನಿಲ್ಲುತ್ತದೆ. ಅಕ್ಷರವೂ ಚಿತ್ರವೂ ಒಂದೇ ಚೌಕಟ್ಟಿನಲ್ಲಿ ಕೂತು ಒಂದೇ ಒತ್ತಿಗೆ ಕಾಗದಕ್ಕಿಳಿಯುತ್ತವೆ. ಆ ಕಾಲದ ರಟ್ಟು ನಮ್ಮ ಓಲೆಗರಿಯ ಕಟ್ಟಿಗೆ ದೂರದ ನೆಂಟ: ಮರದ ಹಲಗೆ, ಅದರ ಮೇಲೆ ಬಿಸಿ ಮುದ್ರೆಯೊತ್ತಿದ ಚರ್ಮ, ಅಂಚಿಗೆ ಹಿತ್ತಾಳೆಯ ಕೊಂಡಿ.

ಮೂರೂವರೆ ಶತಮಾನದ ಮೇಲೆ ಅದೇ ಊರಿನ ಹೆಸರು ಹೊತ್ತ ಮಿಶನ್ನು ಮಂಗಳೂರಿನಲ್ಲಿ ಮುದ್ರಣ ಆರಂಭಿಸಿದಾಗ ಕ್ರಮ ಬೇರೆಯಾಯಿತು. 1841ರಲ್ಲಿ ಗಾಟ್‌ಫ್ರೀಡ್ ವೈಗ್ಲೆ ಮುಂಬಯಿಯಿಂದ ತಂದದ್ದು ಕಲ್ಲಚ್ಚಿನ ಯಂತ್ರ. ಒತ್ತು, ಗುಣಿತ, ಕೊಂಬು ಎಂದು ನೂರಾರು ಮೊಳೆ ಎರಕ ಹೊಯ್ಯಿಸಬೇಕಾದ ಕನ್ನಡಕ್ಕೆ ಇದು ವರವೇ ಆಯಿತು. ಲಿಪಿಕಾರನ ಕೈಬರಹವೇ ಕಲ್ಲಿನಿಂದ ಪುಟಕ್ಕೆ ಬರುತ್ತಿತ್ತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರು ಸಮಾಚಾರ’ ಹೀಗೆಯೇ ಅಚ್ಚಾಯಿತು. ಅಕ್ಷರ ಬರೆದ ಕಲ್ಲಿನ ಮೇಲೇ ಚಿತ್ರವನ್ನೂ ಬರೆಯಬಹುದಾದ್ದರಿಂದ ಮರ ಕೆತ್ತುವವನಿಗಾಗಿ ಕಾಯಬೇಕಿರಲಿಲ್ಲ. ಕನ್ನಡದ ಆರಂಭದ ಮಿಶನ್ ಪುಸ್ತಕಗಳಲ್ಲಿ ಮರದಚ್ಚನ್ನಷ್ಟೇ ಹುಡುಕುವವರು ಅರ್ಧ ಚರಿತ್ರೆಯನ್ನು ಬಿಟ್ಟುಬಿಡುತ್ತಾರೆ ಎಂಬುದು ನನ್ನ ವಾದ.

ಚಿತ್ರ ಹಿಡಿದು ಉಪದೇಶಿಸುವ ಪದ್ಧತಿ ಮಾತ್ರ ಮುಂದುವರಿಯಿತು. ಯೋಹಾನೆಸ್ ಗಾಸ್ನರ್ 1812ರಲ್ಲಿ ಜರ್ಮನ್‌ನಲ್ಲಿ ಪ್ರಕಟಿಸಿದ ಹೃದಯದ ಕಿರುಹೊತ್ತಿಗೆಯಲ್ಲಿ ಮನುಷ್ಯನ ಎದೆಯೊಳಗೆ ಪ್ರಾಣಿಗಳು ಕೂತಿವೆ. ಗರ್ವಕ್ಕೆ ನವಿಲು, ಕಾಮಕ್ಕೆ ಹೋತ, ಹೊಟ್ಟೆಬಾಕತನಕ್ಕೆ ಹಂದಿ, ಅಸೂಯೆಗೆ ಹಾವು. ಪಶ್ಚಾತ್ತಾಪದ ಪುಟ ಬಂದಾಗ ಇವೆಲ್ಲ ಹೊರಬೀಳುತ್ತವೆ. 1834ರಲ್ಲಿ ಮಂಗಳೂರಿಗೆ ಬಂದ ಸಾಮ್ಯುಯೆಲ್ ಹೆಬಿಕ್ ಜಾತ್ರೆಗಳಲ್ಲಿ ನಿಂತು ಬೋಧಿಸುತ್ತಿದ್ದವನು. ಈ ಹೃದಯಚಿತ್ರಗಳು ಅವನ ಕೈಯ ಮುಖ್ಯ ಸಾಧನ. ಅರಿಷಡ್ವರ್ಗದ ಮಾತನ್ನು ಪುರಾಣ, ಕೀರ್ತನೆಗಳಲ್ಲಿ ಕೇಳುತ್ತಲೇ ಬಂದ ನಮ್ಮ ಜನಕ್ಕೆ ಇದರಲ್ಲಿ ಅಪರಿಚಿತವಾದದ್ದು ಕಡಿಮೆ. ನವಿಲನ್ನು ಗರ್ವಕ್ಕೆ ಕಟ್ಟಿದ್ದು ಸುಬ್ರಹ್ಮಣ್ಯನ ಭಕ್ತರಿಗೆ ರುಚಿಸುವಂಥದ್ದಲ್ಲ, ಅದು ಬೇರೆ ಮಾತು.

ಬ್ಯಾಡಗಿ ತಾಲ್ಲೂಕಿಗೆ ಈ ಕಲ್ಲಚ್ಚಿನ ಋಣ ಇನ್ನೊಂದು ದಿಕ್ಕಿನಿಂದಲೂ ಇದೆ. ಮೊಗ್ಲಿಂಗ್ ಕ್ಯಾಸಮೇಜರ್ ಎಂಬವರ ಹಣದ ನೆರವಿನಿಂದ ಕನ್ನಡ ಕಾವ್ಯಗಳ ಮಾಲೆಯನ್ನು ಹೊರಡಿಸಿದ. 1850ರ ದಾಸರ ಪದಗಳ ಸಂಗ್ರಹವೂ ಅವನದೇ. ಈ ತಾಲ್ಲೂಕಿನ ಕಾಗಿನೆಲೆಯ ಕನಕದಾಸರೂ ಸೇರಿದ ಹರಿದಾಸ ಪರಂಪರೆ ಅಚ್ಚಿನ ಮನೆಯನ್ನು ಹೊಕ್ಕದ್ದು ಹೀಗೆ, ಉಪದೇಶದ ಪುಸ್ತಕ ಅಚ್ಚಾಗುತ್ತಿದ್ದ ಮುದ್ರಣಾಲಯದಲ್ಲೇ. ಮತಪ್ರಚಾರದ ಆಸೆ ಮೊಗ್ಲಿಂಗನಿಗೆ ಇರಲಿಲ್ಲ ಎನ್ನುವುದು ಸುಳ್ಳು; ಅದೊಂದೇ ಇತ್ತು ಎನ್ನುವುದೂ ಅಷ್ಟೇ ಸುಳ್ಳು. 1862ರ ‘ಕಥಾಮಾಲೆ’ಯಲ್ಲಿ ಮಿಶನ್ನಿನವನೇ ಆದ ಕಿಟೆಲ್ ಕ್ರಿಸ್ತಚರಿತೆಯನ್ನು ನಮ್ಮ ಛಂದಸ್ಸಿಗೇ ಒಗ್ಗಿಸಿದ. ಮುಂದೆ ಅದೇ ಮಿಶನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು, ಹಿರೇಕೆರೂರು ಸೀಮೆ ತನ್ನವನೆಂದು ಹೇಳಿಕೊಳ್ಳುವ ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದರು.

ಇಂಥ ಪುಸ್ತಕಗಳ ಮೂಲ ರಟ್ಟು ಉಳಿದಿರುವುದು ಅಪರೂಪ. ಗೆದ್ದಲು ಮತ್ತು ಮಳೆಗಾಲದ ಜೊತೆಗೆ, ಪ್ರೀತಿಯಿಂದ ಹೊಸ ಬೈಂಡು ಹಾಕಿಸುವವರೂ ಅದಕ್ಕೆ ಕಾರಣ. ಹಳೆಯ ರಟ್ಟಿನ ಒಳಮೈಗೆ ಅಂಟಿಸಿದ ರದ್ದಿ ಹಾಳೆ, ಹೊಲಿಗೆಯ ದಾರ, ಮೊದಲ ಹಾಳೆಯ ಮೇಲಿನ ಹೆಸರು, ಬೆಲೆ, ಬಹುಮಾನದ ಒಕ್ಕಣೆ, ಇವು ಪುಸ್ತಕ ಎಲ್ಲಿ ಕಟ್ಟಿಸಿಕೊಂಡು ಯಾರ ಕೈಗೆ ಬಂತು ಎಂಬುದಕ್ಕೆ ಇರುವ ಸಾಕ್ಷ್ಯ. ಅಂಚು ಕತ್ತರಿಸಿದರೆ ಟಿಪ್ಪಣಿಯೂ ಹೋಗುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಚರ್ಚು, ಮಠ, ಮನೆಗಳಲ್ಲಿ ಕಲ್ಲಚ್ಚಿನ ಪುಸ್ತಕವಿದ್ದವರು ದಯವಿಟ್ಟು ಅದನ್ನು ಮರುಕಟ್ಟಿಸಬೇಡಿ. ಇದ್ದಂತೆಯೇ ಬಟ್ಟೆಯಲ್ಲಿ ಸುತ್ತಿಟ್ಟು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೋ ಮಂಗಳೂರು ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೋ ಒಮ್ಮೆ ತೋರಿಸಿ.