ಹಾಡು ಎಲ್ಲಿ ನಿಲ್ಲಬೇಕು ಅಂತ ಹೇಳೋರು ಯಾರು?

ಹೋಮ್ ಸ್ಟುಡಿಯೋ ಅಂದರೆ ಮೊನ್ನೆ ಮೊನ್ನೆ ಲ್ಯಾಪ್‌ಟಾಪ್ ಜೊತೆ ಬಂದ ಶೋಕಿ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ ಕಣ್ರೀ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು. ಅದರ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಒಂದು ಸಣ್ಣ ಬಲ್ಬಿನಷ್ಟು! ಆ ಮನೆ ರೇಡಿಯೋದ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಗೇ ಆ ಹೆಸರು ಬಂತು.

ಮೈಸೂರಿಂದ ಬನ್ನೂರಿಗೆ 25 ಕಿಲೋಮೀಟರ್ ಆಸುಪಾಸು. ಇವತ್ತು ಬನ್ನೂರಿನ ಯಾವುದೋ ಮನೆಯ ಮಹಡಿ ರೂಮಿನಲ್ಲಿ ಒಬ್ಬ ಹುಡುಗ ಒಂದು ಮೈಕು, ಒಂದು ಹಳೇ ಲ್ಯಾಪ್‌ಟಾಪು ಇಟ್ಟುಕೊಂಡು ಹಾಡು ರೆಕಾರ್ಡ್ ಮಾಡ್ತಾನೆ ಅಂದ್ರೆ ಅವನು ಹೊಸಬನಲ್ಲ, ಗೋಪಾಲಸ್ವಾಮಿಯವರ ವಂಶದವನೇ. ಅವನ ತೆರೆಯ ಮೇಲಿರುವ ಒಂದೊಂದು ಗುಂಡಿಗೂ ಒಂದು ಹಿಂದಿನ ಕಥೆ ಇದೆ. ಆ ಕಥೆ ಗೊತ್ತಿದ್ದರೆ ಗುಂಡಿ ಯಾವಾಗ ಒತ್ತಬೇಕು, ಯಾವಾಗ ಒತ್ತಬಾರದು ಅನ್ನೋದು ತಾನಾಗೇ ತಿಳಿಯುತ್ತೆ. ಅದಕ್ಕೇ ಈ ಬರಹ.

ಯಂತ್ರ ಇಲ್ಲದ ಕಾಲದಿಂದಲೇ ಶುರು ಮಾಡೋಣ. ಹದಿನೈದನೇ ಶತಮಾನದಲ್ಲಿ ಬನ್ನೂರಿನಲ್ಲಿ ಹುಟ್ಟಿದವರು ವ್ಯಾಸರಾಯರು. ಅವರ 'ಕೃಷ್ಣಾ ನೀ ಬೇಗನೆ' ಕೇಳದ ಕನ್ನಡಿಗರುಂಟೇ? 1996ರಲ್ಲಿ ಹರಿಹರನ್, ಲೆಸ್ಲಿ ಲೂಯಿಸ್ ಜೋಡಿ ಅದನ್ನು ಗಿಟಾರಿನ ಜೊತೆ ಹಾಡಿ ಇಡೀ ದೇಶಕ್ಕೆ ಕೇಳಿಸಿತು. ಆದರೆ ವ್ಯಾಸರಾಯರು ಸ್ವತಃ ಅದನ್ನು ಹೇಗೆ ಹಾಡಿದ್ದರು ಅನ್ನೋದು ಯಾರಿಗೂ ಗೊತ್ತಾಗುವ ಹಾಗಿಲ್ಲ. ಐನೂರು ವರ್ಷ ಆ ಹಾಡನ್ನು ಕಾಪಾಡಿದ್ದು ಕಿವಿ ಮತ್ತು ಬಾಯಿ. ಬಾಯಿಂದ ಬಾಯಿಗೆ ಹೋಗುವಾಗ ಹಾಡು ಬೆಳೆಯಿತು, ಬದಲಾಯಿತು, ಉಳಿಯಿತು. ಪದ ಉಳಿಯಿತು, ದನಿ ಹೋಯಿತು ಅನ್ನಿ.

ದನಿಯನ್ನೇ ಹಿಡಿದಿಡುವ ಕೆಲಸ ನಮ್ಮ ದೇಶದಲ್ಲಿ ದೊಡ್ಡದಾಗಿ ಶುರುವಾದದ್ದು 1902ರಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರನ್ನು ರೆಕಾರ್ಡ್ ಮಾಡಿದ. ಆಗ ಮೈಕ್ ಇರಲಿಲ್ಲ. ಗೋಡೆಗೆ ಒರಗಿಸಿದ ದೊಡ್ಡ ಕಹಳೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕು. ಆ ದನಿಯ ಅದುರಿಗೆ ಒಂದು ಮುಳ್ಳು ಅಲುಗಿ ಮೇಣದ ಮೇಲೆ ಗೆರೆ ಕೊರೆಯುತ್ತೆ. ಮೆತ್ತಗಿನ ದನಿ ಅದಕ್ಕೆ ಕೇಳಿಸೋದೇ ಇಲ್ಲ. ತಪ್ಪಾದರೆ ಆ ಮೇಣ ದಂಡ, ಮತ್ತೆ ಮೊದಲಿಂದ. ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಹೆಚ್ಚೂಕಡಿಮೆ ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸಿ ಹಾಡುವ ರಾಗವನ್ನು ಗೌಹರ್ ಜಾನ್ ಆ ಮೂರು ನಿಮಿಷಕ್ಕೆ ಮಡಿಚಿ ಕೊಟ್ಟರು. ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಯಾಕೆ ಅಂದ್ರೆ ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡು ಅಂತ ತಿಳಿಯಬೇಕಲ್ಲ. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರ ದನಿಯೂ ಇಂಥ ತಟ್ಟೆಗಳಿಗೆ ಇಳಿಯಿತು.

ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಇಲ್ಲಿ ಎರಡು ಪಾಠ ಇವೆ. ಒಂದು, ಗೌಹರ್ ಜಾನ್ ಮಾಡಿದ ಹಾಗೆ ಪ್ರತಿ ಫೈಲಿನ ಶುರುವಿನಲ್ಲೇ ಬಾಯಲ್ಲಿ ಹೇಳಿಬಿಡಿ: ಹಾಡುವವರ ಹೆಸರು, ಊರು, ತಾರೀಖು, ಶ್ರುತಿ. ಫೈಲಿನ ಹೆಸರು ಅಳಿಸಿಹೋಗಬಹುದು, ದನಿಯೊಳಗೆ ಸೇರಿದ ಹೆಸರು ಹೋಗಲ್ಲ. ಎರಡು, ರೆಕಾರ್ಡ್ ಒತ್ತುವ ಮೊದಲು ಪೂರ್ತಿ ಹಾಡಿ ನೋಡಿ. ಮೇಣ ದಂಡವಾಗುತ್ತೆ ಅನ್ನೋ ಭಯದಲ್ಲಿ ಅವರು ಮಾಡಿಕೊಳ್ಳುತ್ತಿದ್ದ ತಯಾರಿ ನಮಗೆ ಇಲ್ಲ. 'ಆಮೇಲೆ ಎಡಿಟ್ ಮಾಡ್ಕೊಳ್ಳೋಣ ಬಿಡು' ಅನ್ನೋದು ನಮ್ಮ ಕಾಲದ ರೋಗ.

ಇನ್ನು ಗಟ್ಟಿ ದನಿಯ ವಿಚಾರ. ಬನ್ನೂರು ಇರೋದು ತಿ. ನರಸೀಪುರ ತಾಲ್ಲೂಕಿನಲ್ಲಿ. ಆ 'ತಿ' ಅಂದ್ರೆ ತಿರುಮಕೂಡಲು. ಪಿಟೀಲು ಟಿ. ಚೌಡಯ್ಯನವರ ಹೆಸರಿನ 'ಟಿ' ಕೂಡ ಅದೇ. ಮೈಕ್ ಇಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ಚೌಡಯ್ಯನವರು 1920ರ ದಶಕದಲ್ಲಿ ಅದಕ್ಕೊಂದು ಉಪಾಯ ಮಾಡಿದರು. ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡರು. ಮೂರು ತಂತಿಗೆ ಜೋಡಿ ತಂತಿ ಸಿಕ್ಕಿ ನಾದ ತುಂಬಿಕೊಂಡಿತು. ಗಮನಿಸಿ, ಅವರು ದನಿಯನ್ನು ದೊಡ್ಡದು ಮಾಡಿದ್ದು ಹುಟ್ಟುವ ಜಾಗದಲ್ಲೇ.

ರೆಕಾರ್ಡಿಂಗಿಗೂ ಇದೇ ಸೂತ್ರ. ದನಿ ಹುಟ್ಟುವಲ್ಲಿ ಚೆನ್ನಾಗಿಲ್ಲದಿದ್ದರೆ ಸಾಫ್ಟ್‌ವೇರ್ ಏನೂ ಮಾಡಲ್ಲ. ಮೈಕನ್ನು ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ತಿರುಗಿಸಿ ಇಡಿ. 'ಪ', 'ಬ' ಅಕ್ಷರಗಳ ಗಾಳಿ ನೇರ ಬಡಿಯಲ್ಲ. ಫೈಲನ್ನು 24 ಬಿಟ್‌ಗೆ ಹೊಂದಿಸಿ, ಅತಿ ಗಟ್ಟಿ ಹಾಡಿದಾಗಲೂ ಮೀಟರ್ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲುವ ಹಾಗೆ ಗೇನ್ ಇಡಿ. ಕಡಿಮೆಯಾದರೆ ಆಮೇಲೆ ಏರಿಸಬಹುದು. ಕೆಂಪು ದೀಪ ಹತ್ತಿ ಒಡೆದ ದನಿಯನ್ನು ಮತ್ತೆ ಮೊದಲಿನ ಹಾಗೆ ಮಾಡೋಕಾಗಲ್ಲ. ಕಂಸಾಳೆಯಂಥ ಕಂಚಿನ ವಾದ್ಯವಿದ್ದರೆ ಮೈಕನ್ನು ನಾಲ್ಕೈದು ಅಡಿ ಹಿಂದಕ್ಕೆ ತನ್ನಿ. ಅದರ ಏಟು ಕಣ್ಣು ಮಿಟುಕಿಸುವುದರೊಳಗೆ ಮೀಟರನ್ನು ದಾಟಿಬಿಡುತ್ತೆ.

1925ರ ಹೊತ್ತಿಗೆ ಕಹಳೆ ಹೋಗಿ ಮೈಕ್ ಬಂತು. ಕೂಗಿ ಹಾಡುವ ಕಷ್ಟ ತಪ್ಪಿತು, ಆದರೆ ಹೊಸ ಕಷ್ಟ ಶುರುವಾಯಿತು. ಮೈಕಿಗೆ ಹಾಡುವವರ ಜೊತೆ ಕೋಣೆಯೂ ಕೇಳಿಸುತ್ತೆ. ಬರಿಯ ಸಿಮೆಂಟು ಗೋಡೆಯ ರೂಮಿನಲ್ಲಿ ಹಾಡಿದರೆ ಬಾವಿಯೊಳಗಿಂದ ಹಾಡಿದ ಹಾಗಿರುತ್ತೆ. ಬಟ್ಟೆ ತುಂಬಿದ ಬೀರು, ಹಾಸಿಗೆ, ದಪ್ಪನೆ ಕಂಬಳಿ ಇರುವ ಮಲಗುವ ಕೋಣೆಯೇ ವಾಸಿ. (ಕಂಬಳಿಗೆ ಬೇರೆ ಊರಿನ ಕುರಿ ನೋಡಿಕೊಳ್ಳಿ, ಬನ್ನೂರು ಕುರಿ ಹೆಸರಾಗಿರೋದು ಮಾಂಸಕ್ಕೆ, ಉಣ್ಣೆಗಲ್ಲ.) ಪಂಪ್‌ಸೆಟ್ಟು, ಕಬ್ಬಿನ ಟ್ರ್ಯಾಕ್ಟರು ಇಲ್ಲದ ಹೊತ್ತು ನೋಡಿ ಕೂರಬೇಕು. ಫ್ಯಾನ್ ಆರಿಸಿ. 'ಹುಂ' ಅನ್ನುವ ಕರೆಂಟಿನ ಸದ್ದು ಬರುತ್ತಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಲ್ಯಾಪ್‌ಟಾಪ್ ಓಡಿಸಿ ನೋಡಿ.

ಕೋಣೆಯ ವಿಚಾರದಲ್ಲಿ ಇನ್ನೊಂದು ಮಾತು ಹೇಳಲೇಬೇಕು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣ ನಡೆಯುವಾಗ ಬೆಂಕಿ ಬಿತ್ತು. ಅರವತ್ತಕ್ಕೂ ಹೆಚ್ಚು ಜನ ಸತ್ತರು. ಸದ್ದು ತಡೆಯಲು ಗೋಡೆಗೆ ಬಡಿದಿದ್ದ ಗೋಣಿಚೀಲಗಳೇ ಬೆಂಕಿಗೆ ದಾರಿಯಾದವು. ಗಾಳಿ ಹೊರಹೋಗಲು ಜಾಗ ಇರಲಿಲ್ಲ. ಇವತ್ತೂ ಮನೆ ಸ್ಟುಡಿಯೋ ಅಂತ ಗೋಡೆ ತುಂಬ ಮೊಟ್ಟೆ ಟ್ರೇ, ಥರ್ಮಾಕೋಲು, ಅಗ್ಗದ ಫೋಮು ಅಂಟಿಸಿ, ಕಿಟಕಿ ಮುಚ್ಚಿ, ಒಂದೇ ಪ್ಲಗ್ಗಿಗೆ ಆರು ವೈರ್ ಸಿಕ್ಕಿಸುವವರಿದ್ದಾರೆ. ಮೊಟ್ಟೆ ಟ್ರೇ ಹೊರಗಿನ ಸದ್ದನ್ನು ತಡೆಯೋದೂ ಇಲ್ಲ. ಹತ್ತಿಕೊಂಡರೆ ಮಾತ್ರ ಜೋರಾಗಿ ಹತ್ತಿಕೊಳ್ಳುತ್ತೆ. ದಯವಿಟ್ಟು ಬೇಡ. ಹಾಡಿಗಿಂತ ಹಾಡುವವರು ದೊಡ್ಡವರು.

ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ರೇಡಿಯೋ ಶುರು ಮಾಡಿದ ಅದೇ 1935ರಲ್ಲಿ ಬರ್ಲಿನ್ನಿನ ಮೇಳವೊಂದರಲ್ಲಿ ಜರ್ಮನ್ನರು ಟೇಪ್ ರೆಕಾರ್ಡರನ್ನು ಜನರಿಗೆ ತೋರಿಸಿದರು. ಎಡಿಟಿಂಗ್ ಅನ್ನೋ ವಿದ್ಯೆ ಕೈಗೆ ಸಿಕ್ಕಿದ್ದೇ ಟೇಪಿನಿಂದ. ಬ್ಲೇಡಿನಲ್ಲಿ ಟೇಪನ್ನು ಕತ್ತರಿಸಿ, ಬೇಡದ್ದು ಎಸೆದು, ಉಳಿದದ್ದನ್ನು ಅಂಟಿಸುತ್ತಿದ್ದರು. ಅನುಭವಸ್ಥರು ನೇರ ಕತ್ತರಿಸದೆ ಓರೆಯಾಗಿ ಕತ್ತರಿಸುತ್ತಿದ್ದರು. ಆಗ ಒಂದು ದನಿ ಇಳಿಯುತ್ತಾ ಇನ್ನೊಂದು ಏರಿ ಬೆಸುಗೆ ಗೊತ್ತಾಗುತ್ತಿರಲಿಲ್ಲ. ಸಾಫ್ಟ್‌ವೇರಿನಲ್ಲಿ ಕ್ರಾಸ್‌ಫೇಡ್ ಅನ್ನುವುದು ಆ ಓರೆ ಕತ್ತರಿಯೇ. ಎರಡು ತುಂಡು ಸೇರಿಸುವಲ್ಲೆಲ್ಲ ಹತ್ತು ಮಿಲಿಸೆಕೆಂಡಿನಷ್ಟಾದರೂ ಕ್ರಾಸ್‌ಫೇಡ್ ಕೊಡಿ, 'ಟಿಕ್' ಅನ್ನೋ ಸದ್ದು ಬರಲ್ಲ. ಉಸಿರಿನ ಜಾಗದಲ್ಲಿ ಕತ್ತರಿಸಿ, ಆದರೆ ಉಸಿರನ್ನೇ ಪೂರ್ತಿ ಕಿತ್ತುಹಾಕಬೇಡಿ. ಉಸಿರಿಲ್ಲದ ಹಾಡು ಯಾರದ್ದು ಅಂತ ಅನ್ನಿಸಬೇಕು?

1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಕನ್ನಡದಲ್ಲಿ ಭಾವಗೀತೆಯ ಕ್ಯಾಸೆಟ್ಟಿನ ಕಾಲ ಅದರಿಂದ ಶುರು. ಮದರಾಸಿಗೆ ಹೋಗಿಯೇ ಹಾಡು ರೆಕಾರ್ಡ್ ಮಾಡಬೇಕಿದ್ದ ಕಾಲದಲ್ಲಿ ಶಂಕರ್ ನಾಗ್, ಅರುಂಧತಿ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದರು. ಕ್ಯಾಸೆಟ್ಟು ಅಗ್ಗ. ಅದರಿಂದ ಮಾದಪ್ಪನ ಹಾಡು, ಮಂಟೇಸ್ವಾಮಿ ಕಥೆ ಬಸ್‌ಸ್ಟ್ಯಾಂಡಿನ ಅಂಗಡಿಗೂ ಬಂದವು. ಆದರೆ ಅಲ್ಲೂ ಒಂದು ಕಟ್ಟು ಇತ್ತು: ಒಂದು ಮಗ್ಗುಲಿಗೆ ಅರ್ಧ ಗಂಟೆ. ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ಇಡೀ ರಾತ್ರಿ ಹೇಳುವ ಕಥೆ ಭಾಗ ಒಂದು, ಭಾಗ ಎರಡು ಅಂತ ತುಂಡಾಯಿತು. ನಡುವೆ ಕೇಳುವವರು 'ಹೂಂ' ಗುಟ್ಟೋದು, ಕಥೆಗಾರ ಎದುರು ಕೂತ ಯಜಮಾನನ ಕಾಲೆಳೆಯೋದು, ಟೀ ಕುಡಿಯೋಕೆ ನಿಲ್ಲೋದು ಎಲ್ಲವೂ ಹೊರಗುಳಿಯಿತು. ಪದಗಳನ್ನು ವಿದ್ವಾಂಸರು ದೊಡ್ಡ ಪುಸ್ತಕಗಳಲ್ಲಿ ಉಳಿಸಿದ್ದಾರೆ. ಆ ರಾತ್ರಿ ಪುಸ್ತಕದಲ್ಲಿ ಕೂರಲ್ಲ.

ಈಗ ನೋಡಿ. 2000ನೇ ಇಸವಿಯಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ಇಬ್ಬರು ಸೇರಿ ಆಡಾಸಿಟಿ ಅನ್ನುವ ಸಾಫ್ಟ್‌ವೇರನ್ನು ಬಿಟ್ಟಿಯಾಗಿ ಕೊಟ್ಟರು. ಇಂದಿಗೂ ಬಿಟ್ಟಿಯೇ. ಸೆಕೆಂಡಿಗೆ 48,000 ಸ್ಯಾಂಪಲ್, 24 ಬಿಟ್, ಒಂದೇ ಚಾನೆಲ್ ಅಂತ ಇಟ್ಟರೆ ಒಂದು ಗಂಟೆಗೆ ಸುಮಾರು 520 ಎಂಬಿ ಆಗುತ್ತೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಂಟು ಗಂಟೆಗೆ ನಾಲ್ಕು ಜಿಬಿ ಚಿಲ್ಲರೆ. ಜೇಬಿನಲ್ಲಿರುವ ಪೆನ್‌ಡ್ರೈವಿನಲ್ಲಿ ಒಂದಿಡೀ ರಾತ್ರಿ ಹಿಡಿಯುತ್ತೆ! ನೂರು ವರ್ಷದಲ್ಲಿ ಮೊದಲ ಸಲ 'ಇನ್ನು ನಿಲ್ಲಿಸು' ಅಂತ ಹೇಳದ ಯಂತ್ರ ನಮ್ಮ ಕೈಗೆ ಬಂದಿದೆ. (ಸಾಮಾನ್ಯ ವೇವ್ ಫೈಲು ನಾಲ್ಕು ಜಿಬಿ ದಾಟಿದರೆ ಕೆಡುತ್ತೆ. ಗಂಟೆಗೊಂದು ಹೊಸ ಫೈಲ್ ಮಾಡಿಕೊಳ್ಳಿ.)

ಆದರೆ ನಾವು ಮಾಡ್ತಿರೋದೇನು? ತಾತನ ಎಂಟು ಗಂಟೆಯ ಕಥೆಯಲ್ಲಿ ಮೂವತ್ತು ಸೆಕೆಂಡು ಕತ್ತರಿಸಿ, ಅದಕ್ಕೆ ಡ್ರಮ್ಸ್ ಹಾಕಿ, ಮೊಬೈಲಿಗೆ ಬಿಡ್ತಿದ್ದೀವಿ. ಗೌಹರ್ ಜಾನ್‌ಗೆ ಸಿಕ್ಕ ಮೂರು ನಿಮಿಷವೂ ಇಲ್ಲ! ಅವರಿಗೆ ಬೇರೆ ದಾರಿ ಇರಲಿಲ್ಲ, ನಮಗಿದೆ. ತುಣುಕು ಬಿಡಬೇಡಿ ಅಂತಲ್ಲ, ಬಿಡಿ. ಮೊದಲು ಪೂರ್ತಿ ಹಿಡಿದಿಟ್ಟು ಆಮೇಲೆ ಬಿಡಿ.

ಕತ್ತರಿ ಹಾಕುವಾಗಲೂ ಕೆಲವು ಕಡೆ ಕೈ ತಡೆಯಬೇಕು. 1997ರಲ್ಲಿ ಬಂದ ಆಟೋಟ್ಯೂನನ್ನು ಮಾಡಿದಾತ ಅದಕ್ಕೂ ಮೊದಲು ಭೂಮಿಯೊಳಗಿನ ಎಣ್ಣೆ ಹುಡುಕಲು ಅಲೆಗಳನ್ನು ಲೆಕ್ಕ ಹಾಕುತ್ತಿದ್ದವನು. ಜಾಣ ಉಪಕರಣವೇ. ಆದರೆ ಹೇಗಿದೆಯೋ ಹಾಗೇ ಹಚ್ಚಿದರೆ ಹಾರ್ಮೋನಿಯಂನ ಹನ್ನೆರಡು ಮನೆಗೆ ದನಿಯನ್ನು ತಳ್ಳುತ್ತೆ. ಗಮಕ ಇರೋದು ಆ ಮನೆಗಳ ನಡುವಿನ ಹಾದಿಯಲ್ಲಿ. ತಂಬೂರಿ ಪದಕ್ಕೆ ಅದನ್ನು ಹಚ್ಚಿದರೆ ಹಾಡುವವರ ಊರೇ ಅಳಿಸಿಹೋಗುತ್ತೆ. ಕ್ಲಿಕ್ಕಿನ ತಾಳಕ್ಕೆ ಎಳೆದು ಕೂರಿಸೋದೂ ಹಾಗೇ. ಕಥೆ ಏರಿದ ಹಾಗೆ ನಡೆ ಚುರುಕಾಗೋದು ತಪ್ಪಲ್ಲ, ಅದೇ ಕಥೆ.

ಹಿನ್ನೆಲೆ ಗದ್ದಲ ತೆಗೆಯಬೇಕಾದರೆ ಹಾಡು ಶುರುವಾಗುವ ಮೊದಲು ಹತ್ತು ಸೆಕೆಂಡು ಎಲ್ಲರೂ ಸುಮ್ಮನಿದ್ದು ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿ. ಯಾವುದು ಗದ್ದಲ ಅನ್ನೋದಕ್ಕೆ ಸಾಫ್ಟ್‌ವೇರಿಗೆ ಅದೇ ಮಾದರಿ. ತೆಗೆಯುವಾಗ ಸ್ವಲ್ಪ ಗದ್ದಲ ಉಳಿಯಲಿ. ಪೂರ್ತಿ ತೆಗೆದರೆ ದನಿ ನೀರೊಳಗೆ ಹಾಡಿದ ಹಾಗಾಗುತ್ತೆ. ಗಂಡು ದನಿಗೆ 80 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಇಕ್ಯೂನಲ್ಲಿ ಇಳಿಸಿದರೆ ದೂರದ ಲಾರಿಯ ಗುಡುಗು ಹೋಗುತ್ತೆ, ಹಾಡು ಕೆಡಲ್ಲ. ಡಕ್ಕೆ ಇದ್ದರೆ ಮಾತ್ರ ಕೇಳಿ ನೋಡಿ ಇಳಿಸಿ. ಏನೇ ಮಾಡಿದರೂ ಮೂಲ ಫೈಲನ್ನು ಮುಟ್ಟದೆ ನಕಲಿನ ಮೇಲೆ ಮಾಡಿ. ಮೂಲದ ಎರಡು ಪ್ರತಿ ಎರಡು ಮನೆಗಳಲ್ಲಿರಲಿ. ಒಂದನ್ನು ಹಾಡಿದವರ ಮನೆಗೇ ಕೊಡಿ. ಅದು ಅವರದ್ದು. ಹೊರಗೆ ಹಾಕುವ ಮುಂಚೆ ಅವರನ್ನು ಕೇಳಿ, ದುಡ್ಡು ಬಂದರೆ ಅವರ ಪಾಲು ಕೊಡಿ.

ಕೊನೆಗೊಂದು ಸಣ್ಣ ಮಾತು. ಹಾಡು ಮುಗಿಯಿತು ಅಂತ ತಕ್ಷಣ ಸ್ಟಾಪ್ ಒತ್ತಬೇಡಿ. ತಂಬೂರಿ ಕೆಳಗಿಟ್ಟ ಮೇಲೆಯೇ ಹಿರಿಯರು, 'ಇದನ್ನ ನಮ್ಮಪ್ಪ ಬೇರೆ ಥರ ಹೇಳ್ತಿದ್ರು ಕಣಪ್ಪ' ಅಂತ ಶುರು ಮಾಡೋದು. ಮೆಮೊರಿ ಬೇಕಾದಷ್ಟಿದೆ. ಓಡ್ತಾ ಇರಲಿ.