ಮಕ್ಕಳ ಮನಸ್ಸಿನ ಚಿಕಿತ್ಸೆ: ಗಡಿನಾಡಿನ ಕನ್ನಡ ಕುಟುಂಬಗಳಿಗೆ ಮಾಹಿತಿ

ಮಗುವಿಗೆ ಜ್ವರ ಬಂದರೆ ಯಾವ ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದು ಹೊಸೂರು, ತಳಿ, ದೆಂಕಣಿಕೋಟೆ, ಶೂಲಗಿರಿ ಭಾಗದ ಪ್ರತಿ ಮನೆಗೂ ಗೊತ್ತು. ಅದೇ ಮಗು ವಾರಗಟ್ಟಲೆ ಊಟ ಬಿಟ್ಟು, ನಿದ್ದೆಗೆಟ್ಟು, ಶಾಲೆಗೆ ಹೋಗಲೊಲ್ಲದೆ ಮೂಲೆ ಹಿಡಿದರೆ ಎಲ್ಲಿಗೆ ಹೋಗಬೇಕು, ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು ಎಂಬುದು ಹಲವರಿಗೆ ತಿಳಿಯದು. ಕನ್ನಡ ಮಾಧ್ಯಮ ಶಾಲೆಗಳ ಪಾಲಕರಿಗಾಗಿ ಈ ಮಾಹಿತಿಯನ್ನು ಒಂದೆಡೆ ಸಂಗ್ರಹಿಸಿದ್ದೇವೆ.

ಯಾವಾಗ ಹೋಗಬೇಕು?

ಪರೀಕ್ಷೆಯ ಭಯ, ಗೆಳೆಯರೊಡನೆ ಮನಸ್ತಾಪ, ಒಂದೆರಡು ದಿನದ ಬೇಸರ ಇವು ಕಾಯಿಲೆಯಲ್ಲ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಹತ್ತನೆಯ ತರಗತಿಯ ಭಾಷಾ ಪತ್ರಿಕೆಯ ಆತಂಕವೂ ನಮ್ಮ ಮಕ್ಕಳ ಪಾಲಿಗೆ ಬಂದಿದೆ. ಆದರೆ ಬೇಸರ ಎರಡು ವಾರ ಮೀರಿ ಮುಂದುವರಿದರೆ, ಓದು, ಆಟ, ಊಟ, ನಿದ್ದೆ ಎಲ್ಲವೂ ಕೆಟ್ಟರೆ, ಕಾರಣವಿಲ್ಲದೆ ತಲೆನೋವು ಹೊಟ್ಟೆನೋವು ಮರುಕಳಿಸಿದರೆ, ಯಾರೋ ಮಾತನಾಡುವಂತೆ ಕೇಳಿಸುತ್ತದೆ ಎಂದರೆ ತಜ್ಞರ ಸಲಹೆ ಪಡೆಯಬೇಕು. ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗಿ ಹರಕೆ ಹೊತ್ತಿದ್ದರೆ ಅದಕ್ಕಾಗಿ ಸಂಕೋಚಪಡಬೇಕಿಲ್ಲ. ಚಿಕಿತ್ಸೆ ಮಾತ್ರ ಅದಕ್ಕಾಗಿ ತಡವಾಗಬಾರದು.

ಎಲ್ಲಿ ಸಿಗುತ್ತದೆ?

ಮೊದಲನೆಯದು ದೂರವಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮನಸ್ ಸೇವೆಯ ಸಂಖ್ಯೆ 14416. ಹಗಲಿರುಳು ಉಚಿತವಾಗಿ ದೊರೆಯುವ ಈ ಸೇವೆಯ ಭಾಷೆಗಳಲ್ಲಿ ಕನ್ನಡವೂ ಇದೆ. ಕರೆ ಮಾಡಿದಾಗ ಭಾಷೆಯನ್ನು ಆರಿಸಿಕೊಳ್ಳಬೇಕು.

ಎರಡನೆಯದು ಸರ್ಕಾರಿ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ರೂಪಿಸಿತು. 1996ರಿಂದ ಅದು ದೇಶದ ಇತರ ಜಿಲ್ಲೆಗಳಿಗೂ ಹಬ್ಬಿತು. ತಮಿಳುನಾಡಿನಲ್ಲಿಯೂ ಸರ್ಕಾರಿ ಆಸ್ಪತ್ರೆಗಳ ಮೂಲಕ ಇದು ನಡೆಯುತ್ತದೆ. ಹತ್ತಿರದ ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಮೊದಲೇ ವಿಚಾರಿಸಿ ಹೊರಡುವುದು ಒಳಿತು.

ಮೂರನೆಯದು ಬೆಂಗಳೂರಿನ ನಿಮ್ಹಾನ್ಸ್. ಅದರ ವಿಳಾಸದಲ್ಲಿಯೇ ನಮ್ಮ ಊರಿನ ಹೆಸರಿದೆ: ಹೊಸೂರು ರಸ್ತೆ. ಸುಮಾರು 40 ಕಿಲೋಮೀಟರ್ ದೂರದ ಈ ಸಂಸ್ಥೆಯಲ್ಲಿ ಕನ್ನಡದಲ್ಲಿ ಮಾತನಾಡುವುದು ಸಹಜ. ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವಿದೆ. ತುರ್ತು ಚಿಕಿತ್ಸೆ ಹಗಲಿರುಳು ದೊರೆಯುತ್ತದೆ. ಹೊಸದಾಗಿ ಹೋಗುವವರು ಬೆಳಿಗ್ಗೆ ಬೇಗನೆ ತಲುಪಬೇಕು, ಇಡೀ ದಿನ ಅಲ್ಲಿ ಕಳೆಯಲು ಸಿದ್ಧರಾಗಿರಬೇಕು.

ನಾಲ್ಕನೆಯದು ಲಾಭದ ಉದ್ದೇಶವಿಲ್ಲದ ಸೇವಾಸಂಸ್ಥೆಗಳು. ಬೆಂಗಳೂರಿನಲ್ಲಿ 1964ರಲ್ಲಿ ಹುಟ್ಟಿದ ಮೆಡಿಕೋ ಪ್ಯಾಸ್ಟರಲ್ ಅಸೋಸಿಯೇಷನ್, ಚೆನ್ನೈನಲ್ಲಿ 1984ರಲ್ಲಿ ಆರಂಭವಾದ ಸ್ಕಾರ್ಫ್, 1993ರಲ್ಲಿ ಆರಂಭವಾದ ಬ್ಯಾನಿಯನ್ ಈ ಬಗೆಯ ಹಳೆಯ ಸಂಸ್ಥೆಗಳು.

ಸೇವಾಸಂಸ್ಥೆಯ ಚಿಕಿತ್ಸಾಲಯದಲ್ಲಿ ಏನಾಗುತ್ತದೆ?

ಇಂತಹ ಚಿಕಿತ್ಸಾಲಯಗಳಲ್ಲಿ ಮೊದಲ ಭೇಟಿ ಸಾಮಾನ್ಯವಾಗಿ ಸಮಾಜ ಕಾರ್ಯಕರ್ತರೊಡನೆ ಅಥವಾ ಆಪ್ತಸಮಾಲೋಚಕರೊಡನೆ ನಡೆಯುತ್ತದೆ. ತೊಂದರೆ ಯಾವಾಗ ಆರಂಭವಾಯಿತು, ಮನೆಯ ಪರಿಸ್ಥಿತಿಯೇನು, ಈ ಹಿಂದೆ ಯಾವ ಔಷಧಿ ಕೊಟ್ಟಿದ್ದರು ಎಂದು ಅವರು ಕೇಳುತ್ತಾರೆ. ಅಗತ್ಯವಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. ಔಷಧಿ ಬರೆಯುವವರು ಮನೋವೈದ್ಯರು. ಸಮಾಲೋಚಕರು ಮಾತಿನ ಮೂಲಕ ನೆರವಾಗುತ್ತಾರೆ. ಎಲ್ಲ ಮಕ್ಕಳಿಗೂ ಔಷಧಿ ಬೇಕಾಗುವುದಿಲ್ಲ.

ಹೋಗುವ ಮುನ್ನ ಕರೆ ಮಾಡಿ ನಾಲ್ಕು ವಿಷಯ ತಿಳಿದುಕೊಳ್ಳಬೇಕು: ವೈದ್ಯರು ಬರುವ ದಿನ, ಶುಲ್ಕ, ಆದಾಯ ಕಡಿಮೆಯಿರುವವರಿಗೆ ರಿಯಾಯಿತಿ, ಕನ್ನಡ ಬಲ್ಲವರು ಇದ್ದಾರೆಯೇ ಎಂಬುದು. ಆಧಾರ್, ರೇಷನ್ ಕಾರ್ಡ್, ಹಳೆಯ ಔಷಧಿ ಚೀಟಿಗಳು ಜೊತೆಗಿರಲಿ. ಬೆಂಗಳೂರಿನಲ್ಲಿ ಆರಂಭಿಸಿದ ಚಿಕಿತ್ಸೆಯನ್ನು ಕೃಷ್ಣಗಿರಿಯಲ್ಲಿ ಮುಂದುವರಿಸುವವರಿಗೆ ಈ ಚೀಟಿಗಳೇ ಆಧಾರ. ಮನೋರೋಗದ ಹಲವು ಔಷಧಿಗಳು ಫಲ ಕೊಡಲು ಕೆಲವು ವಾರ ಬೇಕು. ಗುಣ ಕಾಣಿಸಿತೆಂದೋ ಕಾಣಿಸಲಿಲ್ಲವೆಂದೋ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಕಾನೂನು ಕೊಟ್ಟ ಹಕ್ಕುಗಳು

ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಹತ್ತಿ, ಸರಪಳಿಯಲ್ಲಿ ಕಟ್ಟಿದ್ದ 28 ರೋಗಿಗಳು ಸತ್ತರು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸಂಪೂರ್ಣವಾಗಿ ನಿಷೇಧಿಸಿದೆ. ಬಡತನದ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆ ಪಡೆಯುವ ಹಕ್ಕಿದೆ. ಕಾರ್ಡ್ ಇಲ್ಲವೆಂಬುದು ಅದಕ್ಕೆ ಅಡ್ಡಿಯಲ್ಲ. ರೋಗಿಯ ವಿಷಯವನ್ನು ಗೋಪ್ಯವಾಗಿಡಬೇಕು. ಹದಿನೆಂಟು ತುಂಬದ ಮಕ್ಕಳ ಪರವಾಗಿ ತಂದೆ ತಾಯಿ ಅಥವಾ ಪೋಷಕರು ಒಪ್ಪಿಗೆ ಕೊಡುತ್ತಾರೆ.

ನಮ್ಮವರಿಗೆ ಮುಖ್ಯವಾದುದು ಇದೇ ಕಾಯ್ದೆಯ 22ನೆಯ ಸೆಕ್ಷನ್. ಕಾಯಿಲೆಯನ್ನೂ ಚಿಕಿತ್ಸೆಯನ್ನೂ ಕುರಿತ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕನ್ನು ಅದು ಕೊಡುತ್ತದೆ. ಮೈಯ ನೋವನ್ನು ಬೆರಳಿಟ್ಟು ತೋರಿಸಬಹುದು. ಮನಸ್ಸಿನ ನೋವಿಗೆ ಮಾತೇ ಬೇಕು. ಹದಿನಾಲ್ಕರ ಹುಡುಗಿಯ ಸಂಕಟವನ್ನು ಚಿಕ್ಕಪ್ಪನೋ ನೆರೆಮನೆಯವರೋ ತಮಿಳಿಗೆ ತಿರುಗಿಸಿ ಹೇಳುವಂತಾದರೆ ಅವಳು ಅರ್ಧವನ್ನು ನುಂಗಿಕೊಳ್ಳುತ್ತಾಳೆ. ಕನ್ನಡ ಬಲ್ಲ ಸಿಬ್ಬಂದಿಯನ್ನು ಕೇಳುವುದು ಹಟವಲ್ಲ, ಚಿಕಿತ್ಸೆಯ ಭಾಗ. ದುಭಾಷಿ ಬೇಕೇ ಬೇಕೆಂದಾದರೆ ಮಗು ಒಪ್ಪುವ ವ್ಯಕ್ತಿಯನ್ನೇ ಕರೆದೊಯ್ಯಿರಿ.

ತುರ್ತು ಸಂದರ್ಭ

ಮಗು ಸಾಯುವ ಮಾತನಾಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬಾರದು. ನೇರವಾಗಿ, ಶಾಂತವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬಾರದು. ಹೂವು, ಟೊಮೆಟೊ ಬೆಳೆಯುವ ನಮ್ಮ ಮನೆಗಳಲ್ಲಿ ಕೀಟನಾಶಕ ಕೈಗೆಟುಕುವಂತೆ ಇರುತ್ತದೆ. ಅದನ್ನು ಬೀಗ ಹಾಕಿ ಇಡುವುದರಿಂದಲೇ ಒಂದು ಜೀವ ಉಳಿಯಬಹುದು. ಅನಾಹುತ ನಡೆದರೆ 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಪೊಲೀಸ್ ಪ್ರಕರಣಕ್ಕೆ ಹೆದರಿ ಮುಚ್ಚಿಡಬೇಡಿ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಕಾಯ್ದೆಯ 115ನೆಯ ಸೆಕ್ಷನ್ ಹೇಳುತ್ತದೆ. ಮಕ್ಕಳೇ ಕರೆ ಮಾಡಬಹುದಾದ ಸಹಾಯವಾಣಿ 1098.

14416, 108, 1098 ಈ ಮೂರು ಸಂಖ್ಯೆಗಳನ್ನು ಶಾಲೆಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಬರೆಸುವಂತೆ ಮುಂದಿನ ಪಾಲಕರ ಸಭೆಯಲ್ಲಿ ಕೇಳಬೇಕೆಂದು ವಿನಂತಿಸುತ್ತೇವೆ.