ನಿಕಲ್ ಆಭರಣಗಳ ನಿಯಂತ್ರಣ: ಯುರೋಪಿನ ಇತಿಹಾಸ

ಚರ್ಮಕ್ಕೆ ದೀರ್ಘಕಾಲ ತಾಗಿಕೊಂಡಿರುವ ಒಡವೆ, ಕೈಗಡಿಯಾರದ ಪಟ್ಟಿ, ಉಡುಪಿನ ಗುಂಡಿ ಮುಂತಾದವುಗಳಿಂದ ಹೊರಬೀಳುವ ನಿಕಲ್ ಲೋಹಕ್ಕೆ ಮಿತಿ ವಿಧಿಸಿ, ಅದನ್ನು ಪಾಲಿಸುವ ಹೊಣೆಯನ್ನು ಮಾರಾಟದ ಸರಪಳಿಯ ಮೇಲೆ ಹೊರಿಸುವ ಕಾನೂನು ವ್ಯವಸ್ಥೆ ಇದು. ಅಗ್ಗದ ಗಿಲೀಟು ಒಡವೆಗಳಲ್ಲಿ ಹೊಳಪು ಬರಲೆಂದು ಮೇಲ್ಲೇಪದ ಅಡಿಯಲ್ಲಿ ನಿಕಲ್ ಪದರ ಕೊಡುವ ರೂಢಿಯಿತ್ತು. ಲೇಪ ಸವೆದ ಮೇಲೆ ಬೆವರಿನಲ್ಲಿ ಕರಗಿದ ನಿಕಲ್ ಚರ್ಮದೊಳಗೆ ಇಳಿದು, ಕೆಲವರಲ್ಲಿ ತುರಿಕೆ, ನೀರುಗುಳ್ಳೆಗಳಿಂದ ಕೂಡಿದ ಅಲರ್ಜಿಯನ್ನು ಉಂಟುಮಾಡುತ್ತದೆ. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಹೊಸದಾಗಿ ಚುಚ್ಚಿದ ಕಿವಿ, ಮೂಗು, ಹೊಕ್ಕುಳಿನ ಹಸಿ ಗಾಯಕ್ಕೆ ಚರ್ಮದ ರಕ್ಷಣೆಯೂ ಇಲ್ಲದಿರುವುದರಿಂದ ಅಪಾಯ ಅಲ್ಲಿಯೇ ಹೆಚ್ಚು.

ಈ ದಿಕ್ಕಿನಲ್ಲಿ ಮೊದಲು ಹೆಜ್ಜೆಯಿಟ್ಟ ದೇಶಗಳಲ್ಲಿ ಡೆನ್ಮಾರ್ಕ್ ಪ್ರಮುಖವಾದುದು. ಅದು 1989ರಲ್ಲಿ ಹೊರಡಿಸಿದ ಆಜ್ಞೆ ಒಂದು ಚದರ ಸೆಂಟಿಮೀಟರಿನಿಂದ ವಾರಕ್ಕೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡುವ ವಸ್ತುಗಳಿಗೆ ತಡೆಯೊಡ್ಡಿತು. ಮುಂದಿನ ವರ್ಷಗಳಲ್ಲಿ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಈ ಅಲರ್ಜಿ ಗಣನೀಯವಾಗಿ ತಗ್ಗಿದ್ದನ್ನು ಅಲ್ಲಿನ ಅಧ್ಯಯನಗಳು ತೋರಿಸಿದವು.

ಇದೇ ಮಿತಿಯನ್ನು ಯುರೋಪಿಯನ್ ಒಕ್ಕೂಟ 1994ರಲ್ಲಿ ತನ್ನ ನಿರ್ದೇಶನವಾಗಿ ಸ್ವೀಕರಿಸಿತಾದರೂ, ಗಾಯ ಮಾಯುವವರೆಗೆ ತೊಡುವ ಕಡ್ಡಿಗಳಿಗೆ ಮಾತ್ರ ಬೇರೆ ಅಳತೆಗೋಲನ್ನು ಬಳಸಿ, ಲೋಹದಲ್ಲಿ ನಿಕಲ್ಲಿನ ಅಂಶವೇ ಶೇ. 0.05ನ್ನು ಮೀರಬಾರದೆಂದಿತು. ಈ ನಿಯಮ ತುಸು ಒರಟಾಗಿತ್ತು; ಶೇ. 10ಕ್ಕೂ ಹೆಚ್ಚು ನಿಕಲ್ ಇದ್ದರೂ ಅದನ್ನು ಅತ್ಯಲ್ಪವಾಗಿ ಬಿಡುವ ಶಸ್ತ್ರಚಿಕಿತ್ಸಾ ದರ್ಜೆಯ ಸ್ಟೀಲ್ ಸಹ ಅದರಿಂದ ನಿಷಿದ್ಧವಾಯಿತು. ಹೀಗಾಗಿ 2004ರ ತಿದ್ದುಪಡಿ, ಚುಚ್ಚಿದ ರಂಧ್ರದಲ್ಲಿ ತೊಡುವ ಎಲ್ಲ ಕಡ್ಡಿಗಳಿಗೂ ಒಂದು ಚದರ ಸೆಂಟಿಮೀಟರಿನಿಂದ ವಾರಕ್ಕೆ 0.2 ಮೈಕ್ರೋಗ್ರಾಂ ಬಿಡುಗಡೆಯ ಮಿತಿಯನ್ನು ಗೊತ್ತುಪಡಿಸಿತು.

ಮಿತಿಯಷ್ಟೇ ಮಹತ್ವ ಪರೀಕ್ಷೆಯ ವಿಧಾನಕ್ಕೂ ಇದೆ. ಒಡವೆಯನ್ನು ಉಪ್ಪು, ಲ್ಯಾಕ್ಟಿಕ್ ಆಮ್ಲ, ಯೂರಿಯಾ ಬೆರೆಸಿದ ಕೃತಕ ಬೆವರಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವಾರ ಮುಳುಗಿಸಿಟ್ಟು, ದ್ರವಕ್ಕೆ ಇಳಿದ ನಿಕಲ್ಲನ್ನು ಅಳೆಯಲಾಗುತ್ತದೆ. ಆದರೆ ಮೊದಲ ಮಾನಕವು ಬಂದ ಅಂಕಿಯನ್ನು 0.1ರಿಂದ ಗುಣಿಸಲು ಅವಕಾಶವಿತ್ತಿದ್ದರಿಂದ, ಮಿತಿಯ ಹಲವು ಪಟ್ಟು ನಿಕಲ್ ಬಿಡುವ ಒಡವೆಯೂ ಉತ್ತೀರ್ಣವಾಗಬಹುದಿತ್ತು. ಕಾನೂನನ್ನೇ ಸಡಿಲಿಸುತ್ತಿದ್ದ ಈ ಗುಣಕವನ್ನು 2011ರ ಪರಿಷ್ಕರಣೆ ಕೈಬಿಟ್ಟಿತು.

2009ರಿಂದ ಈ ನಿರ್ಬಂಧ ಒಕ್ಕೂಟದ ರಾಸಾಯನಿಕ ನಿಯಮಾವಳಿಯಾದ ‘ರೀಚ್’ನ ಭಾಗವಾಗಿದೆ. ಮುಂದೆ ಒಡವೆಯ ಲೋಹದ ಭಾಗಗಳಲ್ಲಿ ಕ್ಯಾಡ್ಮಿಯಂ (‘ಕೆಡಿಎಂ’ ಚಿನ್ನದ ಬೆಸುಗೆಯಿಂದ ಕನ್ನಡಿಗರಿಗೂ ಪರಿಚಿತವಾದ ಲೋಹ) ತೂಕದ ಶೇ. 0.01ಕ್ಕೂ, 2013ರಿಂದ ಸೀಸ ಶೇ. 0.05ಕ್ಕೂ ಸೀಮಿತವಾದವು. ಅಪಾಯಕಾರಿ ಸರಕು ಪತ್ತೆಯಾದರೆ ಅಧಿಕಾರಿಗಳಿಗೆ ತಿಳಿಸಿ ಮಾರುಕಟ್ಟೆಯಿಂದ ಹಿಂಪಡೆಯುವುದು ಪೂರೈಕೆದಾರರ ಕರ್ತವ್ಯ. 2024ರ ಡಿಸೆಂಬರ್ 13ರಿಂದ ಅನ್ವಯವಾಗಿರುವ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮದಂತೆ, ಹೊರದೇಶದಲ್ಲಿ ತಯಾರಾದ ಒಡವೆಗೆ ಒಕ್ಕೂಟದೊಳಗೆ ಒಬ್ಬ ಹೊಣೆಗಾರ ಇರಲೇಬೇಕು ಮತ್ತು ಆನ್‌ಲೈನ್ ಮಾರುಕಟ್ಟೆಗಳೂ ಈ ಕಟ್ಟುಪಾಡಿಗೆ ಒಳಪಡುತ್ತವೆ.